ಬಾಗಿಲಲ್ಲಿ ನಿಂತವನ ಎರಡು ಪುಟ ಮಾತು

ಹೊರಡುವ ಮುಂಚೆ

ನಾನು ಇಂಗ್ಲೆಂಡಿಗೆ ಹೋಗಿ ಲಂಡನ್ ನೋಡದೆ ಬಂದವಳು. ಇದನ್ನು ಹೇಳಿದರೆ ಹುಣಸೂರಿನ ನಮ್ಮ ಕಾಲೇಜಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಎರಡು ಸಾವಿರದ ಇಸವಿಯ ಮಾರ್ಚ್ ತಿಂಗಳಲ್ಲಿ ಮೂರು ವಾರ ನಾನಿದ್ದದ್ದು ಯಾರ್ಕ್‌ಷೈರಿನ ಒಂದು ಸಣ್ಣ ಊರಿನಲ್ಲಿ. ನಮ್ಮ ಬಿಳಿಕೆರೆಗಿಂತ ಸ್ವಲ್ಪ ದೊಡ್ಡದು, ಹುಣಸೂರಿಗಿಂತ ಬಹಳ ಚಿಕ್ಕದು. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ.

ಆಗ ನಾನು ಹುಣಸೂರಿನಲ್ಲಿ ಅರೆಕಾಲಿಕ ಉಪನ್ಯಾಸಕಿ. ಬೆಳಿಗ್ಗೆ ಪಾಠ ಮಾಡಿ, ಮಧ್ಯಾಹ್ನದ ಬಸ್ಸು ಹಿಡಿದು ಮೈಸೂರಿಗೆ ಹೋಗಿ ಸಂಶೋಧನೆ ಮಾಡುತ್ತಿದ್ದೆ. ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಗಳು ನಾಟಕವಾಗುವಾಗ ಏನೇನು ಬದಲಾಗುತ್ತವೆ ಎಂಬುದು ನನ್ನ ವಿಷಯ. ದೊಡ್ಡ ದೊಡ್ಡ ಲೇಖಕರನ್ನೆಲ್ಲ ನನಗಿಂತ ಮುಂಚೆ ಬಂದವರು ಹಂಚಿಕೊಂಡಿದ್ದರು. ನನ್ನ ಗೈಡ್ ಮೇಡಂ ಹುಡುಕಿ ಹುಡುಕಿ ಯಾರೂ ಓದದ ಒಂದು ಕಾದಂಬರಿಯನ್ನು ನನಗೆ ಕೊಟ್ಟರು. ಬರೆದವಳು ಆ ಸಣ್ಣ ಊರಿನ ಶಾಲೆಯ ಒಬ್ಬ ಟೀಚರು. ಪುಸ್ತಕ ಸತ್ತು ಬಹಳ ಕಾಲವಾಗಿತ್ತು. ಆದರೆ ಅದನ್ನು ನಾಟಕ ಮಾಡಿಕೊಂಡು ಆ ಊರಿನ ಹವ್ಯಾಸಿಗಳು ನಲವತ್ತು ವರ್ಷಗಳಿಂದ ಪ್ರತಿವರ್ಷ ಆಡುತ್ತಿದ್ದರು.

ಕಥೆ ಇಷ್ಟೇ. ಉಣ್ಣೆ ಗಿರಣಿಯ ಯಜಮಾನನೊಬ್ಬ ತನ್ನ ತಂಗಿ ಗಿರಣಿಯ ಕೂಲಿಯವನನ್ನು ಮದುವೆಯಾದಳೆಂದು ಮಳೆಯಲ್ಲಿ ಮನೆಯಿಂದ ಹೊರಹಾಕುತ್ತಾನೆ. ಇಪ್ಪತ್ತು ವರ್ಷದ ಮೇಲೆ ಗಿರಣಿಯೂ ಹೋಗಿ, ಮನೆಯೂ ಹೋಗಿ, ತಂಗಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅಲ್ಲಿ ನಿಂತು ಕ್ಷಮೆ ಕೇಳುತ್ತಾನೆ. ಆ ಮಾತು ಎರಡು ಪುಟ. ನಾಟಕದ ಜೀವವೇ ಅದು.

ಅಂಚೆಯಲ್ಲಿ ತರಿಸಿದ ಕೆಲವು ವರ್ಷಗಳ ಪ್ರತಿಗಳನ್ನು ಗೈಡ್ ಮೇಡಂ ಒಂದರ ಪಕ್ಕ ಒಂದಿಟ್ಟು ನೋಡಿದರು. ತೊಂಬತ್ನಾಲ್ಕರವರೆಗೆ ಅಣ್ಣನ ಮಾತು ಎರಡು ಪುಟ. ಆಮೇಲೆ ಒಂದೂವರೆ, ಒಂದು, ಅರ್ಧ. ಅಣ್ಣನದು ಕರಗಿದಷ್ಟೂ ತಂಗಿಯದು ಬೆಳೆದಿತ್ತು.

"ಸುನಂದಾ, ಇದೇ ನಿಮ್ಮ ನಾಲ್ಕನೇ ಅಧ್ಯಾಯ," ಎಂದರು ಮೇಡಂ. ಅವರ ಕಣ್ಣು ಹೊಳೆಯುತ್ತಿತ್ತು. "ನೂರು ವರ್ಷ ಸುಮ್ಮನೆ ನಿಂತು ಕೇಳಿಸಿಕೊಂಡ ಹೆಣ್ಣು ಈಗ ಬಾಯಿ ಬಿಡ್ತಿದ್ದಾಳೆ. ಗಂಡು ಬಾಯಿ ಮುಚ್ಚಿಕೊಳ್ತಿದ್ದಾನೆ. ಯಾವ ಚಳವಳಿಯೂ ಇಲ್ಲದ ಒಂದು ಸಣ್ಣ ಊರಿನಲ್ಲಿ! ಹೋಗಿ ನೋಡಿಕೊಂಡು ಬನ್ನಿ."

ಒಂದು ಸಣ್ಣ ಸಹಾಯಧನ ಸಿಕ್ಕಿತು. ಆ ಊರಿನ ನಾಟಕದ ಮಂಡಳಿಯವರೊಬ್ಬರಿಂದ, ನಮ್ಮ ಮನೆಯಲ್ಲೇ ಇರಬಹುದು ಎಂಬ ಕಾಗದವೂ ಬಂತು.

ನಮ್ಮಪ್ಪ ನಾಟಕದ ಮೇಷ್ಟ್ರು. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಹೊತ್ತುಕೊಂಡು ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಊರೂರಿಗೆ ಹೋಗಿ, ಎರಡು ತಿಂಗಳು ಕೂತು, ರೈತರಿಗೆ ಪೌರಾಣಿಕ ನಾಟಕ ಕಲಿಸುವುದು ಅವರ ಕೆಲಸ. ಶಾಲೆಗೆ ರಜೆ ಬಂದಾಗ ನಾನೂ ಹೋಗಿ ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತು, ಮರೆತವರಿಗೆ ಮಾತು ಹೇಳಿಕೊಡುತ್ತಿದ್ದೆ. ನಾನು ಹೊರಟ ವಿಷಯ ಕೇಳಿ ಅಪ್ಪ, "ನಾಟ್ಕ ನೋಡಕ್ಕೆ ಅಷ್ಟು ದೂರ ಯಾಕವ್ವ? ಓಗ್ಲಿ, ಅವ್ರ ಮೇಷ್ಟ್ರು ಯಾರು ಅಂತ ವಿಚಾರಿಸ್ಕೊಂಡ್ ಬಾ," ಎಂದರು.

ವಿಮಾನ ಇಳಿದ ಕಡೆ

ಅವ್ವ ನನ್ನ ಪೆಟ್ಟಿಗೆಯಲ್ಲಿ ಎರಡು ಕೇಜಿ ರಾಗಿ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದಳು. ಮ್ಯಾಂಚೆಸ್ಟರಿನಲ್ಲಿ ತಪಾಸಣೆಯವನು ಗಂಟು ಬಿಚ್ಚಿ, ಕಂದು ಬಣ್ಣದ ಪುಡಿಯನ್ನು ನೋಡಿ, ನನ್ನನ್ನು ನೋಡಿ, ಇದೇನು ಎಂದ. ಹಿಟ್ಟು ಎಂದೆ. ಏನು ಮಾಡುತ್ತೀರಿ ಎಂದ. ನೀರು ಕುದಿಸಿ, ಹಿಟ್ಟು ಹಾಕಿ, ಕೋಲಿನಲ್ಲಿ ತಿರುವಿ, ಉಂಡೆ ಕಟ್ಟಿ, ಮುರಿದು ನುಂಗುತ್ತೇವೆ ಎಂದೆ. ಅಗಿಯುವುದಿಲ್ಲವೇ ಎಂದ. ಇಲ್ಲ ಎಂದೆ. ಅವನು ಇನ್ನೊಬ್ಬನನ್ನು ಕರೆದು, ಇವರು ಅಗಿಯುವುದಿಲ್ಲವಂತೆ ಎಂದ. ಆತನಿಗೂ ಮೊದಲಿಂದ ಹೇಳಿದೆ. ಕೊನೆಗೆ ಇಬ್ಬರೂ ನನ್ನ ಬಗ್ಗೆ ಒಂದು ರೀತಿಯ ಕನಿಕರದಿಂದ ಗಂಟು ಕಟ್ಟಿಕೊಟ್ಟರು.

ಅಲ್ಲಿಂದ ರೈಲು, ರೈಲಿನಿಂದ ಬಸ್ಸು. ಬಸ್ಸಿನ ಡ್ರೈವರು ನನ್ನನ್ನು ನೋಡಿ "ಎಲ್ಲಿಗೆ, ಲವ್?" ಎಂದ. ನಾನು ಬ್ಯಾಗನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದೆ. ನನ್ನ ಹಿಂದಿದ್ದ ಎಂಬತ್ತರ ಮುದುಕಿಗೂ ಅವನು ಹಾಗೇ ಅಂದಾಗ ಜೀವ ಬಂತು. ನಮ್ಮ ಕಂಡಕ್ಟರುಗಳು "ಒಳಕ್ ಬನ್ನಿ ಅಕ್ಕಾ" ಅನ್ನುತ್ತಾರಲ್ಲ, ಇದೂ ಅಷ್ಟೇ.

ಇನ್ನೊಂದು ಬೆರಗು ಕಾದಿತ್ತು. ನಾನು ಓದಿದ ಇಂಗ್ಲಿಷು ಅಲ್ಲಿರಲಿಲ್ಲ. ಅವರು ಮಾತಿನ ಮೊದಲಿನ ಹಕಾರವನ್ನು ನುಂಗಿಬಿಡುತ್ತಿದ್ದರು. ಹೌಸ್ ಎಂಬುದು ಔಸ್, ಹಾಲ್ ಎಂಬುದು ಆಲ್. ಹಳ್ಳಿಯನ್ನು ಅಳ್ಳಿ ಎನ್ನುವ ಸೀಮೆಯಲ್ಲಿ ಹುಟ್ಟಿ, ಕಾಲೇಜಿಗೆ ಬಂದ ಮೇಲೆ ಹಕಾರ ಕಲಿಯಲು ಪಟ್ಟ ಪಾಡು ನೆನೆದು ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಅವರ ಮಾತು ನನ್ನ ಕಿವಿಗೆ ನಮ್ಮ ಕಡೆಯ ಮಾತಿನ ಹಾಗೆಯೇ ಕೇಳಿತು. ಆದ್ದರಿಂದ ಇಲ್ಲಿ ಅವರನ್ನು ನಮ್ಮ ಕಡೆಯ ಮಾತಿನಲ್ಲೇ ಆಡಿಸುತ್ತೇನೆ. ಪುಸ್ತಕದ ಕನ್ನಡದಲ್ಲಿ ಬರೆದರೆ ಅವರು ಅವರಾಗುವುದಿಲ್ಲ.

ಡೊರೊತಿಯಮ್ಮನ ಮನೆ

ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತಿದ್ದವರು ಕಾಗದ ಬರೆದಿದ್ದ ಡೊರೊತಿ. ಎಪ್ಪತ್ತರ ಹತ್ತಿರದ, ಗಿಡ್ಡಗಿನ, ಬಿರುಸಾದ ಹೆಂಗಸು. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ನಾಟಕದಲ್ಲಿ ತಂಗಿಯ ಪಾತ್ರ ಅವರದೇ. ಪ್ರತಿವರ್ಷ ನಾಟಕದ ಪ್ರತಿಯನ್ನು ಕೈಯಲ್ಲಿ ಬರೆದು ತಯಾರು ಮಾಡುವವರೂ ಅವರೇ. ಹೆಸರು ಹಿಡಿದು ಕರೆ ಎಂದರು. ತಾಯಿಗಿಂತ ದೊಡ್ಡವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಡೊರೊತಿಯಮ್ಮ ಎಂದೆ. ಹಾಗೆಂದರೇನು ಎಂದು ಕೇಳಿ ತಿಳಿದುಕೊಂಡು, "ಅಂಗೇ ಕರಿ, ಚೆಂದಾಗದೆ," ಎಂದರು.

ಅವರ ಗಂಡ ವಾಲ್ಟರ್, ಎತ್ತರದ ಮನುಷ್ಯ. ಮೂವತ್ತೈದು ವರ್ಷ ಆ ಊರಿನ ಪೋಸ್ಟ್‌ಮ್ಯಾನ್ ಆಗಿದ್ದವರು. ನಾಟಕದಲ್ಲಿ ಅಣ್ಣ. ಗಂಡಹೆಂಡತಿ ಅಣ್ಣತಂಗಿಯಾಗಿ ಆಡುವುದು ನಮ್ಮ ಕಡೆ ನಡೆಯುವ ಮಾತಲ್ಲ. ಅಲ್ಲಿ ಅದು ಯಾರಿಗೂ ವಿಚಿತ್ರವಾಗಿರಲಿಲ್ಲ.

ವಾಲ್ಟರ್ ಅವರಷ್ಟು ಮರ್ಯಾದಸ್ಥರನ್ನು ನಾನು ನೋಡಿಲ್ಲ. ನಾನು ಅಡುಗೆಮನೆಗೆ ಬಂದರೆ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಕೈ ಕುಲುಕಿ, "ಯಾವಾಗ ಬಂದ್ಯವ್ವ? ಪ್ರಯಾಣ ಚೆಂದಾಗಾಯ್ತಾ?" ಎಂದು ಕೇಳುತ್ತಿದ್ದರು. ಮೊದಲ ದಿನ ಹೇಳಿದೆ. ಎರಡನೇ ದಿನವೂ ಹೇಳಿದೆ. ಮೂರನೇ ದಿನ, ಇದು ಇವರ ಶಿಷ್ಟಾಚಾರ, ನಮ್ಮಲ್ಲಿ ಉಂಡಾಯ್ತಾ ಎಂದು ದಿನವೂ ಕೇಳುವುದಿಲ್ಲವೇ, ಹಾಗೆ ಎಂದು ತೀರ್ಮಾನಿಸಿದೆ. ನನ್ನ ಡೈರಿಯಲ್ಲಿ "ಇಂಗ್ಲಿಷರು ಅತಿಥಿಯನ್ನು ದಿನಾ ಹೊಸಬರಂತೆ ಬರಮಾಡಿಕೊಳ್ಳುತ್ತಾರೆ" ಎಂದು ಬರೆದುಕೊಂಡೆ ಕೂಡ.

ಅಡುಗೆಮನೆಯ ಕಪಾಟಿನ ಬಾಗಿಲುಗಳ ಮೇಲೆಲ್ಲ ಚೀಟಿ ಅಂಟಿಸಿದ್ದರು. ಕಪ್ಪು, ಸಕ್ಕರೆ, ಬ್ರೆಡ್ಡು. ಸ್ನಾನದ ಮನೆಯಲ್ಲಿ ಬಿಸಿ, ತಣ್ಣಗೆ. ದೂರದಿಂದ ಬಂದ ಹುಡುಗಿಗೆ ಕಷ್ಟವಾಗಬಾರದೆಂದು ಎಷ್ಟು ಮುತುವರ್ಜಿ ಎಂದುಕೊಂಡೆ. ಅವ್ವನಿಗೆ ಬರೆದ ಕಾಗದದಲ್ಲಿ ಇದನ್ನೂ ಬರೆದೆ.

ಬ್ರೆಂಡಳ ಟೀ

ಪಕ್ಕದ ಬೀದಿಯ ಬ್ರೆಂಡ ನಾಟಕದಲ್ಲಿ ನೆರೆಮನೆಯವಳ ಪಾತ್ರ ಮಾಡುತ್ತಿದ್ದಳು. ಐವತ್ತರ ಬಾಯಿಬಡುಕಿ, ನನಗೆ ಕೂಡಲೇ ಹಿಡಿಸಿದಳು. ಸಂಜೆ ಐದೂವರೆಗೆ ಟೀಗೆ ಬಾ ಎಂದಳು. ಬರೀ ಟೀ ತಾನೇ ಎಂದು ನಾನು ಐದು ಗಂಟೆಗೆ ಒಂದು ಮುದ್ದೆ ತಿರುವಿ, ಡೊರೊತಿಯಮ್ಮನ ಬಟಾಣಿಯ ಸಾರಿನಲ್ಲಿ ನುಂಗಿ ಹೋದೆ. ಅಲ್ಲಿ ನೋಡಿದರೆ ಆಲೂಗಡ್ಡೆ, ಕ್ಯಾರೆಟ್ಟು, ತಟ್ಟೆಯಷ್ಟೇ ದೊಡ್ಡ ಮಾಂಸದ ಕಡುಬು. ಆ ಕಡೆ ಟೀ ಎಂದರೆ ರಾತ್ರಿಯ ಊಟ! ನಮ್ಮಲ್ಲಿ ಬೇಡ ಎಂದರೆ ಬಲವಂತ ಮಾಡಿ ಬಡಿಸುತ್ತಾರೆ; ಅಲ್ಲಿ ಬೇಡ ಎಂದರೆ ಸುಮ್ಮನೆ ಎತ್ತಿಟ್ಟು ಬೇಜಾರು ಮಾಡಿಕೊಳ್ಳುತ್ತಾರೆ. ಮುದ್ದೆಯ ಮೇಲೆ ಕಡುಬನ್ನೂ ತಿಂದೆ. ಬ್ರೆಂಡಳಿಗೆ ಬಹಳ ಸಂತೋಷವಾಯಿತು.

ಆ ಸಂತೋಷದಲ್ಲೇ ಅವಳು, "ನಮ್ಮ ಪುಸ್ತಕ ಇಡ್ಕೊಳ್ಳೋನು ಜಾರ್ ಬಿದ್ದು ಕೈ ಮುರ್ಕೊಂಡವ್ನೆ. ನೀನ್ ಇಡ್ಕೊಂಡ್ ಕೂತ್ಕೊತೀಯೇನೆ?" ಎಂದಳು.

ಹುಟ್ಟಿದಾಗಿನಿಂದ ಅದನ್ನೇ ಮಾಡಿದ್ದೇನೆ ಎಂದೆ.

ಟೌನ್ ಹಾಲಿನ ಬೀರು

ತಾಲೀಮು ವಾರಕ್ಕೆ ಮೂರು ಸಂಜೆ. ಹಗಲೆಲ್ಲ ನಾನು ಟೌನ್ ಹಾಲಿನ ಹಿಂದಿನ ಕೋಣೆಯಲ್ಲಿ ಬೀರು ತೆಗೆದು ಹಳೆಯ ಪ್ರತಿಗಳನ್ನು ಓದುತ್ತಿದ್ದೆ. ನಲವತ್ತು ವರ್ಷದ ನಾಟಕ, ಒಂದೊಂದಕ್ಕೂ ಒಂದೊಂದು ನೋಟು ಪುಸ್ತಕ.

ಕೊನೆಯ ಆರು ವರ್ಷದವು ನನಗೆ ಬೇಕಾದವು. ಅಣ್ಣನ ಮಾತಿದ್ದ ಪುಟಗಳ ಅಂಚಿನಲ್ಲಿ ಪೆನ್ಸಿಲಿನ ಗೀಟುಗಳಿದ್ದವು. ಕೆಲವು ಸಾಲಿನ ಪಕ್ಕ ಒಂದು ಗೀಟು, ಕೆಲವಕ್ಕೆ ಎರಡು. ಮೂರು ಗೀಟು ಬಿದ್ದ ಸಾಲುಗಳನ್ನು ಹೊಡೆದುಹಾಕಿತ್ತು. ಮುಂದಿನ ವರ್ಷದ ಪುಸ್ತಕದಲ್ಲಿ ಅದೇ ಸಾಲುಗಳು ತಂಗಿಯ ಬಾಯಲ್ಲಿದ್ದವು.

ಮೊದಲು ಅಣ್ಣ ಹೇಳುತ್ತಿದ್ದ: "ಆ ದಿನ ಮಳೆ ಸುರಿಯುತ್ತಿತ್ತು. ನಿನ್ನ ಕೈಯಲ್ಲಿ ಕೊಡೆಯೂ ಇರಲಿಲ್ಲ. ನಾನು ಕಿಟಕಿಯಲ್ಲಿ ನಿಂತು ನೋಡಿದೆ."

ಆಮೇಲೆ ತಂಗಿ ಹೇಳುತ್ತಾಳೆ: "ಆ ದಿನ ಮಳೆ ಸುರಿಯುತ್ತಿತ್ತು, ಅಲ್ಲವಾ ಅಣ್ಣ? ನೀನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ."

ಅಣ್ಣನ ಉತ್ತರ: "ಹೌದು."

ಓದಿ ನನಗೆ ಮೈ ಜುಮ್ಮೆಂದಿತು. ಮೇಡಂ ಹೇಳಿದ್ದು ನಿಜ! ಅಪರಾಧವನ್ನು ಹೇಳುವ ಹಕ್ಕನ್ನೂ ಹೆಣ್ಣು ತನ್ನ ಕೈಗೆ ತೆಗೆದುಕೊಂಡಿದ್ದಾಳೆ ಎಂದು ಬರೆದುಕೊಂಡೆ. ಪೆನ್ಸಿಲಿನ ಗೀಟುಗಳು ಮಾತ್ರ ಅರ್ಥವಾಗಲಿಲ್ಲ.

ಆ ಸಂಜೆಯ ತಾಲೀಮಿನಲ್ಲಿ ಪುಸ್ತಕ ನನ್ನ ತೊಡೆಯ ಮೇಲಿತ್ತು. ಬಾಗಿಲ ದೃಶ್ಯದಲ್ಲಿ ಈ ವರ್ಷ ಅಣ್ಣನಿಗೆ ಉಳಿದದ್ದು ನಾಲ್ಕೇ ಸಾಲು. ವಾಲ್ಟರ್ ಎರಡನೆಯದರಲ್ಲಿ ನಿಂತರು. ನಾನು ಹೇಳಿಕೊಟ್ಟೆ, ಅವರು ಹೇಳಿದರು. ಮೂರನೆಯದರಲ್ಲೂ ನಿಂತರು. ತಾಲೀಮು ಮುಗಿದ ಮೇಲೆ ಡೊರೊತಿಯಮ್ಮ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಆ ಎರಡು ಸಾಲಿನ ಪಕ್ಕ ಒಂದೊಂದು ಗೀಟು ಹಾಕಿದರು.

ಗುರುವಾರ ಬೆಳಿಗ್ಗೆ

ಮರುದಿನ ವಾಲ್ಟರ್ ಪೇಪರ್ ತರಲು ಹೋಗಿದ್ದರು. ಡೊರೊತಿಯಮ್ಮ ತಟ್ಟೆ ಒರೆಸುತ್ತಿದ್ದರು.

"ಅಲ್ಲಾ, ದಿನಾ ಬೀರು ಮುಂದೆ ಕೂತು ಏನ್ ಬರೀತೀಯ? ನಂಗೂ ಯೋಳು," ಎಂದರು.

ನಾನು ಉತ್ಸಾಹದಿಂದ ಎಲ್ಲ ಹೇಳಿದೆ. ತಂಗಿಯ ಮಾತು ಬೆಳೆದದ್ದು, ಅಣ್ಣನದು ಕುಗ್ಗಿದ್ದು, ಸುಮ್ಮನಿದ್ದ ಹೆಣ್ಣು ಬಾಯಿ ಬಿಟ್ಟದ್ದು. ನೀವು ಮಾಡಿದ್ದು ಎಷ್ಟು ದೊಡ್ಡದೆಂದು ನಿಮಗೇ ಗೊತ್ತಿಲ್ಲ ಎಂದೂ ಹೇಳಿದೆ.

ಅವರು ಮೊದಲು ನಕ್ಕರು. ಆಮೇಲೆ ತಟ್ಟೆಯನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕೂತರು.

"ಅಂಗಲ್ಲ ಕಣವ್ವ. ಅವ್ರ ಕೈಲಿ ಅಷ್ಟು ಮಾತು ಒರಕ್ಕಾಗ್ನಿಲ್ಲ. ನಾನ್ ಒತ್ಕೊಂಡೆ, ಅಷ್ಟೆಯ."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಲೆ ಎತ್ತಿ ನೋಡಿದೆ. ಕಪ್ಪು, ಸಕ್ಕರೆ, ಬ್ರೆಡ್ಡು. ಚೀಟಿಗಳ ಅಂಚು ಹಳದಿಯಾಗಿತ್ತು. ನಾನು ಬರುವ ಎಷ್ಟೋ ಮುಂಚೆ ಅಂಟಿಸಿದವು. ಯಾವಾಗ ಬಂದ್ಯವ್ವ ಎಂದು ವಾಲ್ಟರ್ ಕೈ ಕುಲುಕುತ್ತಿದ್ದದ್ದು ಶಿಷ್ಟಾಚಾರವಾಗಿರಲಿಲ್ಲ.

"ಮೂರ್ ಸಲ ತಪ್ಪಿದ್ರೆ ಆ ಸಾಲ್ ತೆಗೀತೀನಿ," ಎಂದರು ಡೊರೊತಿಯಮ್ಮ. "ಅವ್ರಿಗೆ ಯೋಳಾಕಿಲ್ಲ. ಈ ವರ್ಸ ಕತೆ ಇಂಗದೆ ಅಂತೀನಿ. ಓ ಅಂತಾರೆ. ಮೊದ್ಲು ಅವ್ರ ಮಾತ್ನೇ ಎತ್ಕೊಂಡಿದ್ದು. ಆಮೇಲಾಮೇಲೆ ಆ ತಂಗೀಗೂ ಯೋಳಾದು ಬೋ ಇತ್ತು ಅಂತ ಗೊತ್ತಾಯ್ತು. ಅದ್ನ ಬೇಕಾದ್ರೆ ನಿಮ್ ಮೇಡಮ್ಗೆ ಯೋಳು."

"ಊರಿನವರಿಗೆ ಗೊತ್ತಾ?" ಎಂದೆ.

"ಯಾರ್ಗೂ ಗೊತ್ತಿಲ್ಲ. ಗೊತ್ತಾಗಾದೂ ಬ್ಯಾಡ. ಮೂವತ್ತೈದು ವರ್ಸ ಕಾಗ್ದ ಅಂಚವ್ರೆ, ಒಬ್ರುದ್ನೂ ತಪ್ ಮನೆಗೆ ಕೊಟ್ಟೋರಲ್ಲ. ಅವ್ರನ್ನ ಯಾರಾದ್ರೂ ಅಯ್ಯೋ ಪಾಪ ಅಂತ ನೋಡಾದು ನನ್ ಕೈಲಿ ನೋಡಕ್ಕಾಗಾಕಿಲ್ಲ."

ಹೊರಗೆ ಗೇಟಿನ ಸದ್ದಾಯಿತು. ಅವರು ಎದ್ದು ತಟ್ಟೆ ಎತ್ತಿಕೊಂಡರು. ಧ್ವನಿ ತಗ್ಗಿಸಿ, ಬೇಗಬೇಗ ಹೇಳಿದರು: "ನೀ ಬಂದಿರಾದು ಬರೆಯಕ್ಕೆ. ಬರಿ. ಆದ್ರೆ ಅವ್ರು ಓದೋ ಅಂಗಿರೋಗಂಟ ಬ್ಯಾಡ. ಇವತ್ಗೂ ಪೇಪರ್ನ ಒಂದಕ್ಸರ ಬುಡ್ದಂಗೆ ಓದ್ತಾರೆ."

ವಾಲ್ಟರ್ ಪೇಪರ್ ಹಿಡಿದು ಒಳಗೆ ಬಂದರು. ನನ್ನನ್ನು ಕಂಡು ಟೋಪಿ ತೆಗೆದು, ಕೈ ಮುಂದೆ ಚಾಚಿದರು.

"ಯಾವಾಗ ಬಂದ್ಯವ್ವ?"

"ಈಗ ತಾನೇ ಬಂದೆ," ಎಂದೆ.

ಕೆಂಪು ಟೆಲಿಫೋನ್ ಡಬ್ಬಿ

ಭಾನುವಾರ ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮಲ್ಲಿ ಸಂಜೆ ನಾಲ್ಕೂವರೆಗೆ, ಬಿಳಿಕೆರೆಯ ಎಸ್‌ಟಿಡಿ ಅಂಗಡಿಗೆ ಅಪ್ಪ ಬಂದು ಕಾಯುವುದೆಂದು ಮೊದಲೇ ಮಾತಾಗಿತ್ತು. ಬೀದಿಯ ಮೂಲೆಯ ಕೆಂಪು ಡಬ್ಬಿಯಲ್ಲಿ ನಿಂತು ಫೋನು ಮಾಡಿದೆ. ಹಿಂದುಗಡೆ ಬಸ್ಸುಗಳ ಹಾರನ್ನು ಕೇಳಿಸಿತು. ಅದನ್ನು ಕೇಳಿಯೇ ಕಣ್ಣು ತುಂಬಿತು.

"ಉಂಡ್ಯಾ ಮಗಾ?" ಎಂದರು ಅಪ್ಪ. ದೂರ ಹೆಚ್ಚಿದಷ್ಟೂ ಜೋರಾಗಿ ಮಾತಾಡಬೇಕೆಂಬುದು ಅವರ ಲೆಕ್ಕ. "ಅಲ್ಲಿ ನಾಟ್ಕದ ಮೇಷ್ಟ್ರು ಯಾರು?"

ನಡೆದದ್ದನ್ನೆಲ್ಲ ಹೇಳಿದೆ. ನಿಜ ಬರೆದರೆ ಆ ಮನೆಯ ಗುಟ್ಟು ರಟ್ಟಾಗುತ್ತದೆ. ಮೇಡಂ ಹೇಳಿದಂತೆ ಬರೆದರೆ ಸುಳ್ಳಾಗುತ್ತದೆ. ಏನೂ ಬರೆಯದಿದ್ದರೆ ನಾಲ್ಕನೇ ಅಧ್ಯಾಯವೇ ಇಲ್ಲ.

"ಕ್ಯಾರ್‌ನಗರದ ತಾವ ಒಂದೂರಲ್ಲಿ ಒಬ್ಬಾತ ರಾಜನ ಪಾಲ್ಟು ಕಟ್ಟಿದ್ದ," ಎಂದು ಅಪ್ಪ ಶುರು ಮಾಡಿದರು. "ಒಳ್ಳೆ ಆಳು, ಒಳ್ಳೆ ಗಂಟ್ಲು. ಮಾತು ಪಕಾರದಿಂದ ಸುರುವಾದ್ರೆ ಮಾತ್ರ ನಾಲ್ಗೆ ಕಚ್ಕೊಂಬುಡಾದು. ಪ್ರಾಣ ಅನ್ನಾಕಾಗಾಕಿಲ್ಲ, ಪಾಪ ಅನ್ನಾಕಾಗಾಕಿಲ್ಲ. ನಾನೇನ್ ಮಾಡ್ದೆ? ಇಡೀ ನಾಟ್ಕದಲ್ಲಿ ಅವ್ನ ಮಾತಲ್ಲಿ ಪಕಾರದಿಂದ ಸುರುವಾಗಾದ್ನೆಲ್ಲ ಕಿತ್ ಬಿಸಾಕ್ದೆ. ಪ್ರಾಣ ಇದ್ದ ತಾವ ಜೀವ ಅಂದೆ. ಪಿತ ಇದ್ದ ತಾವ ಅಪ್ಪಯ್ಯ ಅಂದೆ. ರಾಜ ಅಪ್ಪಯ್ಯ ಅಂತಾನಾ ಅಂತ ಊರೋರು ನಗಾಡುದ್ರು. ನನ್ನ ದಡ್ಡ ಮೇಷ್ಟ್ರು ಅಂದ್ರು. ಅನ್ಸ್ಕೊಂಡೆ."

"ಯಾಕೆ ಬದಲಾಯಿಸಿದೆ ಅಂತ ಹೇಳಲಿಲ್ಲವಾ?"

"ಯೋಳಕ್ಕಾಯ್ತದಾ? ಅವ್ನಿಗೇ ಯೋಳ್ನಿಲ್ಲ ಕಣವ್ವ ನಾನು. ಈಗ ಅವ್ನಿಲ್ಲ, ಅದ್ಕೆ ನಿಂಗೆ ಯೋಳ್ತಿದ್ದೀನಿ. ಎಸ್ರು ಮಾತ್ರ ಕೇಳ್ಬ್ಯಾಡ."

ನಾನು ಪುಸ್ತಕ ಹಿಡಿದು ಕೂತ ನಾಟಕಗಳಲ್ಲಿ ಅದೂ ಒಂದಿರಬೇಕು. ಅಪ್ಪಯ್ಯ ಎಂಬುದು ಆ ಪುಸ್ತಕದಲ್ಲಿ ಯಾಕಿತ್ತೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಶನಿವಾರ, ಮಧ್ಯಾಹ್ನ ಎರಡೂವರೆ

ನಮ್ಮ ಕಡೆ ನಾಟಕ ಶುರುವಾಗುವುದು ಊರೆಲ್ಲ ಉಂಡ ಮೇಲೆ. ಮುಗಿಯುವುದು ಕೋಳಿ ಕೂಗಿದಾಗ. ಅಲ್ಲಿ ಮಧ್ಯಾಹ್ನ ಎರಡೂವರೆಗೆ ಶುರು, ಐದು ಗಂಟೆಯ ಬಸ್ಸಿಗೆ ಸರಿಯಾಗಿ ಮುಕ್ತಾಯ. ಜನ ಕೋಟು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತರು. ಮುಂದಿನ ಸಾಲಿನ ಇಬ್ಬರು ಮುದುಕಿಯರು ಹೆಣಿಗೆ ತಂದಿದ್ದರು. ಯಾರೂ ಶಿಳ್ಳೆ ಹೊಡೆಯಲಿಲ್ಲ, ಒನ್ಸ್ ಮೋರ್ ಅನ್ನಲಿಲ್ಲ.

ನಾನು ಪರದೆಯ ಎಡಕ್ಕೆ ಮೊಣಕಾಲೆತ್ತರದ ಸ್ಟೂಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಂದು ದೊಡ್ಡ ತಗಡನ್ನು ನೇತುಹಾಕಿತ್ತು. ಮೊದಲ ಅಂಕದಲ್ಲಿ ತಂಗಿಯನ್ನು ಹೊರಹಾಕುವಾಗ ಅದನ್ನು ಅಲ್ಲಾಡಿಸಿ ಗುಡುಗು ತರಿಸುವುದೂ ನನ್ನ ಕೆಲಸ. ಅದು ಚೆನ್ನಾಗಿಯೇ ಆಯಿತು.

ಕೊನೆಯ ಅಂಕ. ಬಾಗಿಲು. ವಾಲ್ಟರ್ ಹಳೆಯ ಕೋಟು ಹಾಕಿ ಬಂದು ನಿಂತರು. ಡೊರೊತಿಯಮ್ಮ ಬಾಗಿಲು ತೆರೆದರು.

"ನಾನು ಬಂದಿದ್ದೀನಿ," ಎಂದರು ವಾಲ್ಟರ್. ಅದು ಮೊದಲನೆಯ ಸಾಲು.

ಎರಡನೆಯದು ಬರಲಿಲ್ಲ.

ನಾನು ಪಿಸುಗುಟ್ಟಿದೆ. ಅವರು ನನ್ನ ಕಡೆ ಪೂರ್ತಿ ತಿರುಗಿ, ಇಡೀ ಹಾಲಿಗೆ ಕೇಳುವಂತೆ, ಬಹಳ ಮರ್ಯಾದೆಯಿಂದ, "ಏನಂದ್ಯವ್ವ?" ಎಂದರು.

ಹೆಣಿಗೆಯ ಕಡ್ಡಿಗಳು ನಿಂತವು. ಇನ್ನೊಂದು ಸಲ ಹೇಳಿದೆ. ಥ್ಯಾಂಕ್ಯೂ ಎನ್ನುವಂತೆ ತಲೆಯಾಡಿಸಿ, ಬಾಗಿಲಿನ ಕಡೆ ತಿರುಗಿ, ಮತ್ತೆ ಸುಮ್ಮನೆ ನಿಂತರು. ಅವರ ಬಲಗೈ ಮೆಲ್ಲಗೆ ಎಡಭುಜಕ್ಕೆ ಹೋಯಿತು. ಅಲ್ಲಿ ಏನನ್ನೋ ತಡಕಿತು. ಚೀಲದ ಪಟ್ಟಿಯನ್ನು ಹುಡುಕುತ್ತಿದ್ದ ಕೈ ಅದು. ಬಾಗಿಲ ಮುಂದೆ ನಿಂತಿದ್ದಾರೆ, ಕೊಡಬೇಕಾದ ಕಾಗದ ಮಾತ್ರ ಸಿಗುತ್ತಿಲ್ಲ. ಡೊರೊತಿಯಮ್ಮನ ಮುಖದಲ್ಲಿ ನಾನು ಯಾವತ್ತೂ ನೋಡದ ಹೆದರಿಕೆ ಕಂಡೆ.

ನಮ್ಮೂರುಗಳಲ್ಲಿ ಯಾರಾದರೂ ಮಾತು ಮರೆತು ನಿಂತರೆ ಅಪ್ಪ ಹಾರ್ಮೋನಿಯಂನ ತಿದಿ ಎಳೆದು ಜೋರಾಗಿ ನುಡಿಸಿಬಿಡುತ್ತಿದ್ದರು. ಆ ಸದ್ದಿನ ಮರೆಯಲ್ಲಿ ಆಳು ಸುಧಾರಿಸಿಕೊಳ್ಳುತ್ತಿದ್ದ. ನನ್ನ ಕೈಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಎದ್ದು ಎರಡೂ ಕೈಯಲ್ಲಿ ತಗಡನ್ನು ಹಿಡಿದು ಇದ್ದ ಬಲವೆಲ್ಲ ಹಾಕಿ ಅಲ್ಲಾಡಿಸಿದೆ.

ಆ ದೃಶ್ಯದಲ್ಲಿ ಮಳೆಯೇ ಇಲ್ಲ. ಮುಂದಿನ ಸಾಲಿನವರು ಕೂತಲ್ಲೇ ಹಾರಿಬಿದ್ದರು. ಡೊರೊತಿಯಮ್ಮ ಒಂದು ಗಳಿಗೆ ಮೇಲೆ ನೋಡಿದರು. ಆಮೇಲೆ ಹೊಸ್ತಿಲು ದಾಟಿ ಹೊರಗೆ ಬಂದು, ತಮ್ಮ ಶಾಲು ತೆಗೆದು ಗಂಡನ ತಲೆಯ ಮೇಲೆ ಹೊದಿಸಿ, ಭುಜದ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡರು.

"ಮಳೆ ಬಂತು. ಒಳಕ್ ಬಾ," ಎಂದರು. "ಮಾತು ಆಮೇಲೆ ಆಡಿದ್ರಾಯ್ತು."

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ನಾನು ಪರದೆಯ ಹಗ್ಗ ಎಳೆದೆ.

ಆ ವರ್ಷ ಅಣ್ಣ ಕ್ಷಮೆಯನ್ನೇ ಕೇಳಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಚಹದ ಹಂಡೆಯ ಹತ್ತಿರ

ಹಾಲಿನ ಹಿಂದುಗಡೆ ಬ್ರೆಂಡ ದೊಡ್ಡ ಹಂಡೆಯಿಂದ ಚಹ ಬಗ್ಗಿಸುತ್ತಿದ್ದಳು. ತಗಡಿನ ಅಂಚು ತಾಗಿ ನನ್ನ ಅಂಗೈ ಕೊಯ್ದಿತ್ತು. ಅವಳು ಕರವಸ್ತ್ರ ಸುತ್ತಿ, "ಬೋ ಚೆಂದಾಗಿ ಗುಡುಗ್ದೆ ಕಣೆ," ಎಂದಳು.

"ಕೈತಪ್ಪಿ ಆಗಿದ್ದು," ಎಂದೆ.

"ಬುಡು, ನಂಗ್ಯಾಕ್ ಸುಳ್ ಯೋಳ್ತೀಯ?" ಎಂದು ಸುತ್ತ ನೋಡಿ ಹತ್ತಿರ ಬಂದಳು. "ವಾಲ್ಟರ್ ಪೇಪರ್ ತರಕ್ ಓಯ್ತಾರಲ್ಲ, ಆಗ ಅಂಗ್ಡಿಯಿಂದ ಅವ್ರ ಮನೆಗಂಟ ಒಂದೊಂದ್ ಕಿಟಕೀಲಿ ಒಬ್ಬೊಬ್ರು ನಿಂತು ನೋಡ್ತಿರ್ತೀವಿ. ದಾರಿ ತಪ್ಪುದ್ರೆ ಯಾರೋ ಒಬ್ರು ಓಗಿ, ಇವತ್ ನಮ್ ಮನೆಗೆ ಕಾಗ್ದ ಇಲ್ವಾ ಅಂತ ಮಾತಾಡುಸ್ಕೊಂಡು ಗೇಟ್ಗಂಟ ಬುಟ್ ಬತ್ತೀವಿ. ನಾಕು ವರ್ಸ ಆಯ್ತು."

ಅವಳು ನನ್ನ ಕೈಗೆ ಒಂದು ಕಪ್ಪು ಚಹ ಕೊಟ್ಟಳು.

"ಡೊರೊತಿಗೆ ಮಾತ್ರ ಯೋಳ್ಬ್ಯಾಡ," ಎಂದಳು. "ನಮ್ಗೆ ಗೊತ್ತು ಅಂತ ಗೊತ್ತಾದ್ರೆ ಅವ್ಳು ಮನೆ ಬುಟ್ಟು ಈಚೆಗೇ ಬರಾಕಿಲ್ಲ."

ಆ ಊರಿನಿಂದ ಹೊರಡುವಾಗ ನನ್ನ ಹತ್ತಿರ ಎರಡು ಗುಟ್ಟುಗಳಿದ್ದವು. ಒಂದು ಊರಿಗೆ ಹೇಳಬಾರದ್ದು, ಇನ್ನೊಂದು ಡೊರೊತಿಯಮ್ಮನಿಗೆ ಹೇಳಬಾರದ್ದು. ವಾಲ್ಟರ್ ಬಸ್ಸಿನವರೆಗೆ ನನ್ನ ಪೆಟ್ಟಿಗೆ ಹೊತ್ತುಕೊಂಡು ಬಂದರು. ಬಸ್ಸು ಹೊರಟಾಗ ಟೋಪಿ ತೆಗೆದು ನಿಂತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಬೀದಿಯ ಕಿಟಕಿಗಳನ್ನು ನೋಡಿದೆ. ನಾಲ್ಕೈದರಲ್ಲಿ ಪರದೆ ಸರಿದಿತ್ತು.

ಮೈಸೂರು

ಗೈಡ್ ಮೇಡಂ ಬಾಗಿಲಲ್ಲೇ, "ಸಿಕ್ಕಿತಾ?" ಎಂದರು.

ಸಿಕ್ಕಿತು, ಆದರೆ ನಾವು ಅಂದುಕೊಂಡದ್ದಲ್ಲ ಎಂದೆ. ಕಾರಣ ಬೇರೆ ಇದೆ, ಹೇಳುವ ಹಾಗಿಲ್ಲ ಎಂದೆ.

"ಪುಟದ ಮೇಲೆ ಇರೋದು ಸಾಕ್ಷಿ, ಸುನಂದಾ. ಯಾಕೆ ಬದಲಾಯ್ತು ಅನ್ನೋದು ಅವರ ಮನೆ ವಿಷಯ. ಅದನ್ನ ಬಿಡಿ. ಪುಟ ಏನು ಹೇಳತ್ತೋ ಅದನ್ನ ಬರೀರಿ. ಯಾರಿಗೂ ನೋವಾಗಲ್ಲ."

ಅವರು ಹೇಳಿದ್ದು ತಪ್ಪೆಂದು ಈಗಲೂ ಪೂರ್ತಿ ಹೇಳಲಾರೆ. ತಂಗಿಗೂ ಹೇಳುವುದು ಬಹಳ ಇತ್ತು ಎಂದು ಡೊರೊತಿಯಮ್ಮನೇ ಅಂದಿದ್ದರು. ಆದರೆ ಆ ಪೆನ್ಸಿಲಿನ ಗೀಟುಗಳನ್ನು ಹೆಣ್ಣಿನ ಗೆಲುವೆಂದು ಬರೆಯಲು ಕೂತಾಗಲೆಲ್ಲ ಭುಜ ತಡಕುತ್ತಿದ್ದ ಆ ಕೈ ಕಣ್ಣ ಮುಂದೆ ಬರುತ್ತಿತ್ತು.

"ಗೊತ್ತಿದ್ದೂ ಬರೆಯೋಕಾಗಲ್ಲ ಮೇಡಂ," ಎಂದೆ.

ಎರಡು ವಾರ ಅವರು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಕರೆದು, ತೊಂಬತ್ನಾಲ್ಕಕ್ಕೇ ನಿಲ್ಲಿಸಿ ಎಂದರು. ನಿಲ್ಲಿಸಿದೆ. ಹಳೆಯ ಪ್ರತಿಗಳನ್ನು ಮತ್ತೆ ಮೊದಲಿಂದ ಓದಿ ಬರೆಯಲು ಒಂದು ವರ್ಷ ಹೆಚ್ಚು ಹಿಡಿಯಿತು. ನಾಲ್ಕನೇ ಅಧ್ಯಾಯ ಪೇಲವವಾಗಿದೆ, ಸಂಶೋಧಕಿ ಅತ್ಯಂತ ಕುತೂಹಲಕರ ವರ್ಷಗಳನ್ನು ಯಾಕೆ ಬಿಟ್ಟರೋ ತಿಳಿಯದು ಎಂದು ಪರೀಕ್ಷಕರು ಬರೆದರು. ಪದವಿ ಸಿಕ್ಕಿತು. ಅದರ ಮಾತೆತ್ತಿದರೆ ಅಪ್ಪ, "ನಿನ್ನೂ ದಡ್ಡಿ ಅಂದ್ರಾ? ಅನ್ಲಿ ಬುಡು," ಎಂದು ನಗುತ್ತಿದ್ದರು.

ಎರಡು ಸಾವಿರದ ಮೂರರ ಫೆಬ್ರವರಿಯಲ್ಲಿ ಹುಣಸೂರಿನ ಕಾಲೇಜಿನ ವಿಳಾಸಕ್ಕೆ ಒಂದು ಕಾಗದ ಬಂತು. ಡೊರೊತಿಯಮ್ಮನ ಅಕ್ಷರ. ಚಳಿಗಾಲದಲ್ಲಿ ವಾಲ್ಟರ್ ತೀರಿಕೊಂಡಿದ್ದರು. ಕೊನೆಯ ವರ್ಷ ಪೇಪರನ್ನು ತಲೆಕೆಳಗಾಗಿ ಹಿಡಿದು ಕೂರುತ್ತಿದ್ದರಂತೆ. ಹೆಣ ಎತ್ತಿದ ದಿನ ಬೀದಿಯ ಪ್ರತಿಯೊಂದು ಬಾಗಿಲಲ್ಲೂ ಜನ ಹೊರಗೆ ಬಂದು ನಿಂತಿದ್ದರಂತೆ. ಇನ್ನು ನೀನು ಬರೆಯಬಹುದು, ಊರಿನ ಹೆಸರೊಂದು ಬೇಡ ಎಂದಿದ್ದರು.

ಕೊನೆಯಲ್ಲಿ ನಾಟಕದ ಸಮಾಚಾರವಿತ್ತು. ಈ ವರ್ಷವೂ ಆಡುತ್ತಾರೆ. ಅಣ್ಣನ ಪಾತ್ರಕ್ಕೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೊಸಬ ಸಿಕ್ಕಿದ್ದಾನೆ. ಡೊರೊತಿಯಮ್ಮ ಹಳೆಯ ನೋಟು ಪುಸ್ತಕ ತೆಗೆದು, ಬಾಗಿಲ ದೃಶ್ಯದ ಎರಡು ಪುಟ ಮಾತನ್ನೂ ಮತ್ತೆ ಅಣ್ಣನಿಗೇ ಬರೆದಿದ್ದಾರೆ.

"ಇಷ್ಟುದ್ದ ಯಾರು ಹೇಳುತ್ತಾರೆ ಎಂದು ಆತ ಗೊಣಗುತ್ತಾನೆ," ಎಂದು ಬರೆದಿದ್ದರು. "ವಾಲ್ಟರ್ ಒಂದಕ್ಷರ ಬಿಡದೆ ಹೇಳುತ್ತಿದ್ದರು, ನೀನೂ ಕಲಿ ಎಂದೆ. ನನಗೆ ಈಗ ಎರಡೇ ಸಾಲು. ಬಾಗಿಲು ತೆಗೆದು, ನಿಂತುಕೊಂಡು, ಅಷ್ಟನ್ನೂ ಕೇಳಿಸಿಕೊಳ್ಳುತ್ತೇನೆ."